ಅರ್ಜಿದಾರರೇ ತುಂಬತಕ್ಕದ್ದು

ಮಾರ್ಚ್ 3, ಸೋಮವಾರ, ಬೆಳಿಗ್ಗೆ

ಬಟನ್. ಬಟನ್. ಲಿಂಕ್. ಬಟನ್. ಹೆಸರಿಲ್ಲದ ಚಿತ್ರ. ಬಟನ್.

ಯಾವ ಬಟನ್ನೋ ಮಹರಾಯ, ಏನಕ್ಕೆ ಬಟನ್ನೋ... ಅದೊಂದನ್ನು ಮಾತ್ರ ಹೇಳುವುದಿಲ್ಲ. ಮಂಡಳಿಯ ವೆಬ್‌ಸೈಟು ಇವತ್ತೂ ನಿನ್ನೆಯ ಹಾಗೇ. ದಿನಾ ಡ್ಯೂಟಿಗೆ ಹೋಗುವ ಮುಂಚೆ ಒಂದು ಸಲ ಪ್ರಯತ್ನಿಸಿ, ರೆಕಾರ್ಡ್ ಮಾಡಿಡಿ ಅಂತ ವಕೀಲಮ್ಮ ಹೇಳಿದ್ದಾರೆ. ಸಾಕ್ಷಿಗೆ. ಹಲ್ಲುಜ್ಜು, ಟೀ ಕುಡಿ, ಮಂಡಳಿಗೆ ಶಾಪ ಹಾಕು, ಬಸ್ ಹಿಡಿ. ಇದೇ ನನ್ನ ಬೆಳಗು.

ಲಾಗಿನ್‌ವರೆಗೂ ಹೋದೆ. ಅಲ್ಲೊಂದು ಪರೀಕ್ಷೆ: 'ನೀವು ಮನುಷ್ಯರೆಂದು ಸಾಬೀತುಪಡಿಸಿ. ಬಸ್ಸುಗಳಿರುವ ಚೌಕಗಳನ್ನು ಆರಿಸಿ.' ಚೌಕಗಳೆಲ್ಲ ಚಿತ್ರ. ಕೇಳಿ ಉತ್ತರಿಸುವ ದಾರಿಯೇ ಇಲ್ಲ. ಹುಟ್ಟುಕುರುಡಿ ಮನುಷ್ಯಳಲ್ಲ ಅಂತ ಒಂದು ಯಂತ್ರದ ತೀರ್ಪು. ಕೆಲವು ದಿನ ಪುಣ್ಯಕ್ಕೆ ಈ ಪರೀಕ್ಷೆ ಬರುವುದಿಲ್ಲ. ಒಳಗೆ ಹೋದರೆ ತಾರೀಕಿನ ಕ್ಯಾಲೆಂಡರು, ಅದು ಮೌಸ್ ಇಲ್ಲದೆ ತೆರೆಯುವುದಿಲ್ಲ. ಅಷ್ಟರಲ್ಲಿ 'ನಿಮ್ಮ ಸಮಯ ಮುಗಿದಿದೆ'. ಮುಗಿದಿರುವುದು ನನ್ನ ತಾಳ್ಮೆ.

ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರಿಗೆ ವಾಚಾಳಿ ಅಂತ ಹೆಸರಿಟ್ಟಿದ್ದೇನೆ. ನನಗೆ ಬೇಕಾದ ವೇಗದಲ್ಲಿ ಬಿಟ್ಟರೆ ಬೇರೆಯವರಿಗೆ ಜೀರುಂಡೆಯ ಸದ್ದು. ಈ ಬರಹವೂ ಅದರ ಜೊತೆಯಲ್ಲೇ. ಪರದೆ ಆಫ್, ಕಿವಿಗೆ ಇಯರ್‌ಫೋನ್. ಬೆನ್ನ ಹಿಂದೆ ಇಣುಕಿದವರಿಗೆ ಬರೀ ಕಪ್ಪು. 'ಕೆಟ್ಟೋಗಿದೆ ಕಣೇ, ಆದ್ರೂ ಒತ್ತುತ್ತಾ ಕೂತಿದ್ದೀಯ' ಅಂತ ಅಪ್ಪ ಹೊಸತರಲ್ಲಿ ಅಂದಿದ್ದ. ಈ ಮನೆಯಲ್ಲಿ ಯಾರೂ ಓದಲಾರದ ಜಾಗ ಇದೊಂದೇ.

ಹೋದ ವರ್ಷದಿಂದ ಕಾಗದದ ಅರ್ಜಿ ಬಂದ್. ಫಿಸಿಯೋಥೆರಪಿ ಲೈಸೆನ್ಸಿನ ನವೀಕರಣ ವೆಬ್‌ಸೈಟಿನಲ್ಲಿ ಮಾತ್ರ. ಅದಿಲ್ಲದೆ ರೋಗಿಯ ಮೈ ಮುಟ್ಟುವ ಹಾಗಿಲ್ಲ. ಕೇಸು ಮುಗಿಯುವ ತನಕ ಕೆಲಸ ಮಾಡಲಿ ಅಂತ ಕೋರ್ಟು ಹೇಳಿರುವುದರಿಂದ ಉಸಿರಾಡುತ್ತಿದ್ದೇನೆ. ಕೇಸು ಬಿದ್ದರೆ ಕೈ ಕಟ್ಟಿಕೊಂಡು ಮನೆಯಲ್ಲಿ. ಕನಿಕರ ಕೇಳಿಲ್ಲ ನಾನು. ಸೈಟು ಸರಿಮಾಡಿ ಅಂದಿದ್ದೇನೆ.

ಬಸ್ಸಿಗೆ ಹೊತ್ತಾಯಿತು.

ಮಾರ್ಚ್ 6, ಗುರುವಾರ, ಸಂಜೆ

ಭುಜ ಹಿಡಿದುಕೊಂಡಿರುವ ಬಸ್ ಡ್ರೈವರ್ ಇವತ್ತೂ ಬಂದಿದ್ದ. 'ಮೇಡಂ, ನಿಮ್ಮ ಕೈಗೇ ಕಣ್ಣಿದೆ' ಅಂದ. 'ಇದ್ದಿದ್ರೆ ಬಸ್ ಗುರುತು ಹಿಡಿದು ಲೈಸೆನ್ಸ್ ತಗೋತಿತ್ತು' ಅಂದೆ. ಪಾಪ, ತಲೆಬುಡ ತಿಳಿಯಲಿಲ್ಲ, ಆದರೂ ನಕ್ಕ. ನಗುವಾಗ ಭುಜ ಸಡಿಲ ಬಿಟ್ಟ. ಅದೇ ಸಮಯ ಅಂತ ಎತ್ತಿಬಿಟ್ಟೆ. ಕೂಗಿದ್ದು ಆಸ್ಪತ್ರೆಯ ಗೇಟಿಗೆ ಕೇಳಿಸಿರಬೇಕು. ಆಮೇಲೆ ಅವನೇ ತಲೆ ಬಾಚಿಕೊಂಡು ತೋರಿಸಿದ.

ಸಂಜೆ ವಕೀಲಮ್ಮನ ಫೋನು. ಮಂಡಳಿಯವರು ರಾಜಿಗೆ ಬಂದಿದ್ದಾರಂತೆ.

'ನೀವು ಅವರ ಆಫೀಸಿಗೆ ಹೋದ್ರೆ ಗುಮಾಸ್ತರು ಅರ್ಜಿ ತುಂಬಿಕೊಡ್ತಾರಂತೆ. ನಾಳೇನೇ ಲೈಸೆನ್ಸ್. ಕೇಸು ವಾಪಸ್ ತಗೋಬೇಕು, ಅಷ್ಟೇ. ಯೋಚನೆ ಮಾಡಿ.'

'ಮಾಡಿದ್ದಾಯ್ತು. ಬೇಡ.'

'ಇಷ್ಟು ಬೇಗ?'

'ಅದು ನನ್ನ ಅರ್ಜಿ ಮೇಡಂ.'

ಪೂರ್ತಿ ಕಾರಣ ಅವರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ.

ಐದು ವರ್ಷದ ಹಿಂದೆ ಅದೇ ಆಫೀಸಿನ ಕೌಂಟರು. ಗುಮಾಸ್ತ ಅರ್ಜಿಯನ್ನು ಹರಾಜು ಕೂಗುವ ಹಾಗೆ ಓದುತ್ತ ಹೋದ. ಏಳನೇ ಪ್ರಶ್ನೆ: ಕಳೆದ ಐದು ವರ್ಷಗಳಲ್ಲಿ ದೇಹಕ್ಕಾಗಲಿ ಮನಸ್ಸಿಗಾಗಲಿ ಸಂಬಂಧಿಸಿದ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದೀರಾ? 'ಬೇಗ ಹೇಳಮ್ಮ, ತಲೆ ಗಿಲೆ ಕೆಟ್ಟಿತ್ತಾ?' ಹಿಂದೆ ಸಾಲಿನಲ್ಲಿದ್ದವರು ಯಾರೋ ಕಿಸಕ್ಕೆಂದರು. ಮೈ ಉರಿಯಿತು. ಆದರೆ ಆಗ ಉತ್ತರ 'ಇಲ್ಲ'. ಹೇಳಿ ಬಂದೆ.

ಈ ಸಲ ಉತ್ತರ 'ಹೌದು'.

ಅಮ್ಮ ಹೋದ ಮೇಲಿನ ವರ್ಷ. ಹಾಸಿಗೆಯಿಂದ ಏಳುವುದೇ ಯಾಕೆ ಅನಿಸುತ್ತಿದ್ದ ವರ್ಷ. ಆಸ್ಪತ್ರೆಯಲ್ಲಿ ನಗುನಗುತ್ತಾ ಇದ್ದು, ಮನೆಗೆ ಬಂದು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಕೂರುತ್ತಿದ್ದೆ. ಎರಡು ಬಸ್ ಬದಲಿಸಿ ಹೋಗಿ ನಾನು ಕಾಣುತ್ತಿದ್ದ ಆ ಡಾಕ್ಟರು, ಆ ಮಾತ್ರೆ. ಅಪ್ಪನಿಗೆ 'ವಿಟಮಿನ್' ಅಂದಿದ್ದೆ. ಅವನೇ ಆಗ ಅರ್ಧ ಜೀವ ಆಗಿದ್ದ, ಅವನ ತಲೆಯ ಮೇಲೆ ಇದನ್ನೂ ಹೇಗೆ ಹೊರಿಸಲಿ? ಅಕ್ಕನಿಗೆ ಹೇಳಿದರೆ ಡಂಗುರ. ಈಗ ಚೆನ್ನಾಗಿದ್ದೇನೆ. ಡಾಕ್ಟರ ಪತ್ರ ಇದೆ, ಲೈಸೆನ್ಸಿಗೂ ಅಡ್ಡಿಯಿಲ್ಲ. ನಿಜ ಬರೆದರೆ ಮುಗಿಯಿತು.

ಆದರೆ ನಾನೇ ಬರೆಯಬೇಕು. ಇನ್ನೊಬ್ಬರ ಬಾಯಿಗೆ ಅದು ಬೀಳಬಾರದು.

ಮಾರ್ಚ್ 9, ಭಾನುವಾರ, ಮಧ್ಯಾಹ್ನ

ಬೆಳಿಗ್ಗೆಯೇ ಅಕ್ಕ ಪ್ರತ್ಯಕ್ಷ. ರಾಜಿ ಬೇಡ ಅಂದ ಸುದ್ದಿ ಅಪ್ಪ ಮುಟ್ಟಿಸಿದ್ದಾನೆ.

'ಗುಮಾಸ್ತ ತುಂಬಿದ್ರೆ ನಿನ್ನ ಗಂಟೇನು ಹೋಗುತ್ತೆ?'

'ನಿನ್ನ ಬ್ಯಾಂಕ್ ಪಾಸ್‌ಬುಕ್ ಬಸ್‌ಸ್ಟಾಪಲ್ಲಿ ಓದ್ಸು, ಆಮೇಲೆ ಮಾತಾಡೋಣ.'

'ಮಂಡಳಿ ಜೊತೆ ಜಗಳ ಆಡೋಕೆ ನೀನ್ಯಾವ ದೊಡ್ಡ ಮನುಷ್ಯಳು?'

'ಮನುಷ್ಯಳೇ ಅಲ್ಲ ಅಂತ ಅವರ ಸೈಟೇ ದಿನಾ ಹೇಳ್ತಿದೆ ಬಿಡು.'

ಮುಖ ಊದಿಸಿಕೊಂಡಳು. ಸಿಂಕಿನಲ್ಲಿ ಪಾತ್ರೆ ಕುಕ್ಕಿದ್ದರಲ್ಲೇ ಗೊತ್ತಾಯಿತು. ಅವಳು ಹೋದ ಮೇಲೆ ಅಪ್ಪ ಟೀ ಮಾಡಿಕೊಟ್ಟ. ಯಾರ ಪರವೂ ಮಾತಾಡಲಿಲ್ಲ. ಬದಲಿಗೆ ಪ್ರೆಸ್ಸಿನ ಕಥೆ ತೆಗೆದ. ಪ್ರೂಫ್ ರೀಡರ್ ಆಗಿ ಜೀವ ತೇದವನು, ಕಥೆಗೆ ಬರವಿಲ್ಲ. ಮದುವೆ ಪತ್ರಿಕೆಯಲ್ಲಿ ಮದುಮಗನ ಜಾಗಕ್ಕೆ ಪ್ರೆಸ್ ಮಾಲೀಕನ ಹೆಸರು ಅಚ್ಚಾಗಿ, ಮಾಲೀಕನ ಹೆಂಡತಿ ಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿ ಬಂದದ್ದು. ಎಷ್ಟು ಸಲ ಕೇಳಿದರೂ ನಗು ತಡೆಯುವುದಿಲ್ಲ.

'ಹಾಗೇ ಇರು, ಅಲ್ಲಾಡ್ಬೇಡ.' ಅಪ್ಪನ ಫೋನು ಕ್ಲಿಕ್ ಅಂದಿತು.

'ಫೋಟೋ ಯಾಕೆ?'

'ಚೆನ್ನಾಗಿ ಕಾಣ್ತಿದ್ದೀಯ, ಅದಕ್ಕೆ.'

ಸ್ನಾನ ಮುಗಿಸಿ ಬಂದಾಗ ನನ್ನ ಫೋನು ಇಟ್ಟ ಜಾಗದಲ್ಲಿರಲಿಲ್ಲ. 'ಕುಂಯ್ ಅಂತಿತ್ತು, ನೋಡಿದೆ. ಏನೋ ಮೆಸೇಜು, ಅಳಿಸಿದೆ' ಅಂದ. ನನ್ನ ಫೋನ್ ಮುಟ್ಟಬೇಡ ಅಂತ ಹೇಳಿ ಹೇಳಿ ಬಾಯಿ ಒಣಗಿದೆ. ಇವತ್ತು ಜಗಳಕ್ಕೆ ಶಕ್ತಿ ಇರಲಿಲ್ಲ. ಬಿಟ್ಟೆ.

ಮಾರ್ಚ್ 19, ಬುಧವಾರ, ಮಧ್ಯಾಹ್ನ

ಕೋರ್ಟಿನ ಕಾರಿಡಾರು. ಬೆಂಚಿನ ತುದಿ. ಎರಡೆರಡು ಸಲ ಒತ್ತಿ ಅಳಿಸಿ ಬರೆಯುತ್ತಿದ್ದೇನೆ.

ಮಂಡಳಿಯ ವಕೀಲರಿಗೆ ಮಾತಿಗೆ ಮುಂಚೆ ಪೆನ್ನು ಒತ್ತುವ ಚಾಳಿ. ಟಿಕ್ ಟಿಕ್. ಟಿಕ್‌ಟಿಕ್ ಅಂತಲೇ ಕರೆಯುತ್ತೇನೆ. ಇವತ್ತು ಎದ್ದವರೇ ಹೇಳಿದರು:

'ಸ್ವಾಮಿ, ಈ ಕೇಸಲ್ಲಿ ಏನೂ ಉಳಿದಿಲ್ಲ. ಇದೇ ತಿಂಗಳು ಒಂಬತ್ತನೇ ತಾರೀಕು, ಇದೇ ವೆಬ್‌ಸೈಟಲ್ಲಿ, ತಮ್ಮದೇ ಪಾಸ್‌ವರ್ಡ್, ತಮ್ಮದೇ ಫೋನಿಗೆ ಬಂದ ಓಟಿಪಿ ಹಾಕಿ ಈಕೆ ನವೀಕರಣ ಪೂರ್ತಿ ಮಾಡಿದ್ದಾರೆ. ಲೈಸೆನ್ಸ್ ಮಂಜೂರಾಗಿದೆ. ಆಗಲ್ಲ ಆಗಲ್ಲ ಅಂತ ಕೋರ್ಟಿನ ಕಣ್ಣಿಗೆ ಮಣ್ಣೆರಚಿದ್ದಾರೆ.'

ಕಣ್ಣಿಗೆ ಮಣ್ಣು. ನಾನು. ನಗು ಬರಬೇಕಿತ್ತು.

ವಕೀಲಮ್ಮ ನನ್ನ ಕಿವಿಯ ಹತ್ತಿರ ಬಂದರು. 'ನಿಜಾನಾ ಇದು?' ಆ ದನಿ! ಇಷ್ಟು ದಿನ ಒಂದು ಸಲವೂ ನನ್ನನ್ನು ಅನುಮಾನಿಸಿದವರಲ್ಲ.

'ನಾನು ಮಾಡಿಲ್ಲ ಮೇಡಂ. ನಮ್ಮಮ್ಮನಾಣೆ.'

'ಅರ್ಜಿಲಿ ನಿಮ್ಮ ಫೋಟೋ ಇದೆ.'

'ಯಾವ ಫೋಟೋ?'

ಹಾಳೆ ತಿರುಗಿದ ಸದ್ದು. 'ನಗ್ತಾ ಇದ್ದೀರಿ. ಕೈಲಿ ಟೀ ಲೋಟ. ಹಿಂದೆ ಕಿಟಕಿ.'

ಚೆನ್ನಾಗಿ ಕಾಣ್ತಿದ್ದೀಯ, ಅದಕ್ಕೆ.

ವಕೀಲಮ್ಮ ಏನೇನೋ ಹೇಳಿ ಸಮಯ ಕೇಳಿದರು. ಜಡ್ಜ್ ದನಿ ಏರಿಸುವವರಲ್ಲ. ಮೆಲ್ಲಗೆ ಅಂದರು: 'ಆವತ್ತು ಸಾಧ್ಯವಾಗಿದ್ದು ಇನ್ನೊಂದು ಸಲವೂ ಆಗಬೇಕಲ್ಲ. ಇಪ್ಪತ್ತಾರಕ್ಕೆ ಇಲ್ಲೇ, ನನ್ನೆದುರು ಮಾಡಿ ತೋರಿಸಲಿ.'

ಟಿಕ್ ಟಿಕ್.

ಅದೇ ದಿನ, ಸಂಜೆ

'ಅಪ್ಪಾ, ಮಂಡಳಿ ಅರ್ಜಿ ನೀನು ತುಂಬಿದ್ಯಾ?'

ರೇಡಿಯೋ ಸಣ್ಣದಾಯಿತು. 'ಹೂಂ. ಬಂತಾ ಲೈಸೆನ್ಸು?'

ಖುಷಿಯಲ್ಲಿ ಕೇಳಿದ! ನನಗೆ ಅದೇ ತಡೆಯಲಾಗಲಿಲ್ಲ. ಕಿರುಚಾಡಿದೆ. ಏನೇನು ಅಂದೆನೋ, ಪಕ್ಕದ ಮನೆಯವರು ಟಿವಿ ನಿಲ್ಲಿಸಿ ಕೇಳಿಸಿಕೊಂಡಿರುತ್ತಾರೆ.

ಅಪ್ಪ ತಬ್ಬಿಬ್ಬಾದ. 'ಕೇಸು ಗೆದ್ರೆ ಗೆದ್ದೆ. ಸೋತ್ರೂ ಕೆಲಸ ಹೋಗ್ಬಾರ್ದಲ್ಲ ಅಂತ... ಆಮೇಲೆ ಹೇಳೋಣ ಅಂತಿದ್ದೆ. ಉತ್ತರ ನನ್ನ ಇಮೇಲಿಗೇ ಬರೋ ಹಾಗೆ ಹಾಕಿದ್ದೆ, ಇನ್ನೂ ಬಂದಿಲ್ಲ. ಕಂಪ್ಯೂಟರ್ ತಾರೀಕು ಸಮೇತ ಹೋಗಿ ಕೋರ್ಟಲ್ಲಿ ಚಾಡಿ ಹೇಳುತ್ತೆ ಅಂತ ನಂಗೇನು ಗೊತ್ತು?'

'ಕೊನೇಲಿ ಏನು ಬರೆದಿತ್ತು? ಪ್ರೂಫ್ ನೋಡೋನು ತಾನೇ ನೀನು?'

'ಅರ್ಜಿದಾರರೇ ತುಂಬತಕ್ಕದ್ದು ಅಂತಿತ್ತು. ಎಲ್ಲ ಅರ್ಜಿಲೂ ಇರುತ್ತಲ್ಲಮ್ಮ. ಕಾಲೇಜಿನ ಅರ್ಜಿಲೂ ಇತ್ತು, ಆಸ್ಪತ್ರೆ ಕೆಲಸದ ಅರ್ಜಿಲೂ ಇತ್ತು. ಎಲ್ಲ ನಾನೇ ತುಂಬಿದ್ದು. ಈ ಸೈಟಿನ ಪಾಸ್‌ವರ್ಡೂ ನಾನೇ ತಾನೇ ಮಾಡಿಕೊಟ್ಟಿದ್ದು. ಯಾರೂ ಕೇಳಿರಲಿಲ್ಲ.'

ನಿಜ. ಖಾಲಿ ಜಾಗ ಕಂಡರೆ ಅವನ ಕೈ ತುರಿಸುತ್ತದೆ. ನನ್ನ ಹೆಸರನ್ನು ನನಗಿಂತ ಹೆಚ್ಚು ಸಲ ಬರೆದವನು ಅವನು. ಆಮೇಲೆ ನೆನಪಾಯಿತು.

'ಏಳನೇ ಪ್ರಶ್ನೆಗೆ ಏನು ಹಾಕಿದೆ?'

'ಏಳನೇದಾ? ಕಾಯಿಲೆದು? ಇಲ್ಲ ಅಂತ ಹಾಕಿದೆ. ನಿಂಗೇನೇ ಕಾಯಿಲೆ, ಗುಂಡುಕಲ್ಲಿನ ಹಾಗಿದ್ದೀಯ.'

ಎದ್ದು ರೂಮಿಗೆ ಬಂದೆ. ಬಾಗಿಲು ಹಾಕಿಕೊಂಡಿದ್ದೇನೆ. ಹೊರಗೆ ಅಪ್ಪ ಓಡಾಡುತ್ತಿದ್ದಾನೆ, ಬಾಗಿಲ ಹತ್ತಿರ ಬರುತ್ತಾನೆ, ಹೋಗುತ್ತಾನೆ.

ಮಾರ್ಚ್ 21, ಶುಕ್ರವಾರ, ಸಂಜೆ

ವಕೀಲಮ್ಮನ ಆಫೀಸು. ಅಕ್ಕನೂ ಬಂದಿದ್ದಳು, ಬೇಡ ಅಂದರೂ. ಮೇಲಿನ ಫ್ಯಾನು ಲಟಲಟ ಅನ್ನುತ್ತಿತ್ತು. ವಕೀಲಮ್ಮ ಸುತ್ತಿಬಳಸಲಿಲ್ಲ.

'ಸುಮ್ಮನಿದ್ದುಬಿಟ್ರೆ ಕೇಸು ವಜಾ ಆಗುತ್ತೆ. ಲೈಸೆನ್ಸ್ ನಿಮ್ಮ ಕೈಲಿರುತ್ತೆ. ನಿಜ ಹೇಳಿದ್ರೆ ಕೇಸು ಉಳಿಯುತ್ತೆ, ಲೈಸೆನ್ಸ್ ಹೋಗುತ್ತೆ, ಕೇಸು ಮುಗಿಯೋ ತನಕ ಕೊಟ್ಟಿರೋ ಅನುಮತಿನೂ ಹೋಗುತ್ತೆ, ಕೆಲಸ ನಿಲ್ಲುತ್ತೆ. ನಿಮ್ಮ ತಂದೆ ನಿಮ್ಮ ಹೆಸರಲ್ಲಿ ಸುಳ್ಳು ಘೋಷಣೆ ಕೊಟ್ಟಿದ್ದಾರೆ ಅಂತ ಮಂಡಳಿ ದೂರು ಕೊಡಬಹುದು. ಪೊಲೀಸು, ಠಾಣೆ... ಎಲ್ಲಿಗೆ ಹೋಗಿ ನಿಲ್ಲುತ್ತೋ ಈಗಲೇ ಹೇಳೋಕಾಗಲ್ಲ.'

'ಮುಗೀತಲ್ಲ' ಅಂದಳು ಅಕ್ಕ. 'ಲೈಸೆನ್ಸ್ ಸಿಕ್ತು. ಬಾಯಿ ಮುಚ್ಕೊಂಡಿರು. ಅಪ್ಪನ್ನ ಈ ವಯಸ್ಸಲ್ಲಿ ಕಟಕಟೆ ಹತ್ತಿಸ್ತೀಯಾ? ನಿಂಗೆ ಅಷ್ಟು ಹಟಾನಾ?'

ಹಟ! ಅಳು ಬಂತು, ನುಂಗಿಕೊಂಡೆ. ಅಕ್ಕನ ಎದುರು ಅಳುವುದಿಲ್ಲ, ಅದು ಮೊದಲಿನಿಂದಲೂ.

'ಅರ್ಜಿಲಿ ತಪ್ಪು ಮಾಹಿತಿ ಏನಾದ್ರೂ ಇದೆಯಾ?' ವಕೀಲಮ್ಮ ಕೇಳಿದರು. ಚುರುಕು ಕಿವಿ ಅವರದು. ನಾನು ತೀರಾ ಸುಮ್ಮನಿದ್ದದ್ದೇ ಅವರಿಗೆ ಸಾಕಾಗಿತ್ತು.

'ಯೋಚನೆ ಮಾಡಿ ಹೇಳ್ತೀನಿ.'

ಯೋಚನೆ ಏನು ಮಣ್ಣು. ಸುಮ್ಮನಿದ್ದರೆ ಆ 'ಇಲ್ಲ' ನನ್ನದಾಗುತ್ತದೆ. ನಾಳೆ ಯಾವನೋ ಕೆದಕಿದರೆ ಸುಳ್ಳು ಹೇಳಿ ಲೈಸೆನ್ಸ್ ತೆಗೆದುಕೊಂಡವಳು ನಾನೇ. ಹೆದರಿಕೆ ಅದಲ್ಲ. ಅದಕ್ಕಿಂತ ದೊಡ್ಡ ಸಿಟ್ಟು ಬೇರೆ ಇದೆ. ನನ್ನ ಬದುಕಿನ ಅತಿ ಕೆಟ್ಟ ವರ್ಷವನ್ನು ಅಪ್ಪ ಒಂದು ಕ್ಲಿಕ್ಕಿನಲ್ಲಿ ಇಲ್ಲ ಮಾಡಿದ. ಗೊತ್ತಿಲ್ಲದೆ ಮಾಡಿದ. ಪ್ರೀತಿಯಿಂದ ಮಾಡಿದ. ಸಿಟ್ಟು ಮಾಡಿಕೊಳ್ಳಲೂ ಜಾಗ ಬಿಟ್ಟಿಲ್ಲ ಪುಣ್ಯಾತ್ಮ.

ಮಾರ್ಚ್ 25, ಮಂಗಳವಾರ, ಸಂಜೆ

ಬಚ್ಚಲುಮನೆಯಲ್ಲಿ ಅಪ್ಪ ಮಾತಾಡುತ್ತಿದ್ದ. ಯಾರ ಜೊತೆಗಪ್ಪಾ ಅಂತ ಕಿವಿಗೊಟ್ಟೆ.

'ಸ್ವಾಮಿ, ಬಟನ್ ಅವಳೇ ಒತ್ತಿದ್ದು. ನಾನು ಬರೀ ಓದಿ ಹೇಳಿದೆ.' ಕೆಮ್ಮಿದ. ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ. ಮತ್ತೊಂದು ಸಲ, ವಿನಯ ಸೇರಿಸಿ.

ಹೊರಗೆ ಬಂದಾಗ ಬಾಗಿಲಲ್ಲೇ ನಿಂತಿದ್ದೆ.

'ನಿಂಗೆ ಸುಳ್ಳು ಹೇಳೋಕೆ ಬರಲ್ಲ ಅಪ್ಪಾ.'

'ಕಲೀತೀನಿ.'

'ನಾಳೆ ಬೆಳಿಗ್ಗೆಯೊಳಗಾ?'

'ಮತ್ತೇನು ಮಾಡ್ಲಿ ಹೇಳು. ಈ ಮಾತು ಹೇಳಿದ್ರೆ ನಿನ್ನ ಲೈಸೆನ್ಸೂ ಉಳಿಯುತ್ತೆ, ನಾನೂ ಉಳೀತೀನಿ ಅಂದಳು ನಿಮ್ಮಕ್ಕ. ಕೇಸೊಂದು ಹೋಗುತ್ತೆ. ಹೋಗ್ಲಿ ಬಿಡು. ನಾನಿರೋ ತನಕ ಅರ್ಜಿ ತುಂಬೋಕೆ ನಿಂಗೇನು ಕಷ್ಟ?'

'ನೀನಿಲ್ಲದ ಮೇಲೆ?'

ಬಾಯಿ ತಪ್ಪಿ ಬಂತು. ವಾಪಸ್ ತೆಗೆದುಕೊಳ್ಳುವ ಹಾಗಿರಲಿಲ್ಲ. ಅಪ್ಪ ಟವೆಲ್ ಕೊಡವಿ ಹಗ್ಗಕ್ಕೆ ಹಾಕಿದ. ಆಮೇಲೆ ಬ್ರೆಡ್ ಸುಟ್ಟುಕೊಟ್ಟ. ಅಂಚು ಕರಿ ಹಿಡಿದಿತ್ತು, ಇಬ್ಬರೂ ಹಾಗೇ ತಿಂದೆವು.

ಮಾರ್ಚ್ 26, ಬುಧವಾರ, ಬೆಳಿಗ್ಗೆ

ಟೀ ಆರುತ್ತಿದೆ. ಇನ್ನೂ ತೀರ್ಮಾನ ಮಾಡಿಲ್ಲ... ಸುಳ್ಳು. ಮಾಡಿದ್ದೇನೆ. ಅಪ್ಪ ಇಸ್ತ್ರಿ ಮಾಡುತ್ತಿದ್ದಾನೆ, ತನ್ನ ಅಂಗಿಗೆ. ಅದರ ಬಿಸಿ ವಾಸನೆ ಇಲ್ಲಿಯ ತನಕ.

ಅದೇ ದಿನ, ಸಂಜೆ

ಆದದ್ದನ್ನು ಆದ ಹಾಗೆ ಬರೆಯಬೇಕು.

ಲ್ಯಾಪ್‌ಟಾಪಿಗೆ ಸ್ಪೀಕರ್ ಸಿಕ್ಕಿಸಿದರು. ವಾಚಾಳಿಯನ್ನು ನನ್ನ ವೇಗದಲ್ಲೇ ಬಿಟ್ಟೆ. 'ಇದು ಯಾವ ಭಾಷೆ?' ಅಂದರು ಜಡ್ಜ್. 'ಕನ್ನಡವೇ ಸ್ವಾಮಿ' ಅಂದೆ. ಹಿಂದೆ ನಗು. 'ನಮಗೂ ಅರ್ಥವಾಗೋ ಹಾಗೆ ಮಾಡಿ.' ವೇಗ ಇಳಿಸಿದೆ. ಇಳಿಸುತ್ತ ಇಳಿಸುತ್ತ ಅದು ಎಳೆದೆಳೆದು ಮಾತಾಡತೊಡಗಿತು. ಕೈ ಮುಂದೆ ಓಡುತ್ತದೆ, ದನಿ ಹಿಂದೆ ಕುಂಟುತ್ತದೆ. ಬಟನ್... ಬಟನ್... ಲಿಂಕ್... ಬಟನ್... ಮೊದಲು ಯಾರೋ ನಕ್ಕರು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಕೋರ್ಟು ತುಂಬ ಬರೀ ಬಟನ್.

ಇನ್ನೇನು ಲಾಗಿನ್ ಸಿಗಬೇಕು, 'ನಿಮ್ಮ ಸಮಯ ಮುಗಿದಿದೆ'. ಮತ್ತೆ ಮೊದಲಿನಿಂದ. ಬೆವರಿ ತೊಪ್ಪೆಯಾದೆ. ಕೊನೆಗೆ ಬಂತು, ನೀವು ಮನುಷ್ಯರೆಂದು ಸಾಬೀತುಪಡಿಸಿ. ಈ ಸಲ ಬಸ್ಸಲ್ಲ, ಸೇತುವೆ.

'ಇಲ್ಲಿಗೆ ನಿಲ್ಲುತ್ತೆ ಸ್ವಾಮಿ. ಇಲ್ಲಿಂದಾಚೆ ದಾರಿಯಿಲ್ಲ.'

'ಬೇಕಂತಲೇ ನಿಲ್ಲಿಸಿದ್ದಾರೆ' ಅಂದರು ಟಿಕ್‌ಟಿಕ್. 'ಆವತ್ತು ದಾಟಿದವರಿಗೆ ಇವತ್ತೇನು ಧಾಡಿ?'

'ಅದನ್ನೇ ಕೇಳ್ತೀನಿ' ಅಂದರು ಜಡ್ಜ್. 'ಹೇಳಿಮ್ಮ. ಆವತ್ತು ಇದನ್ನ ದಾಟಿದ್ದು ಯಾರು?'

ಹಿಂದೆ ಕುರ್ಚಿ ಸರಿಯಿತು. ಅಪ್ಪನ ಕೆಮ್ಮು, ಬಚ್ಚಲುಮನೆಯ ಅದೇ ಕೆಮ್ಮು. 'ಸ್ವಾಮಿ, ಬಟನ್ನು...' ಅಂತ ಶುರು ಮಾಡಿಯೇಬಿಟ್ಟ.

'ನಮ್ಮ ತಂದೆ' ಅಂದೆ. ಅವನ ದನಿಯ ಮೇಲೆ ನನ್ನ ದನಿ ಹಾಕಿ ಅಂದೆ. 'ನನ್ನನ್ನ ಕೇಳದೆ ತುಂಬಿದ್ದಾರೆ. ಆ ಅರ್ಜಿ ನನ್ನದಲ್ಲ. ಏಳನೇ ಪ್ರಶ್ನೆಗೆ ಕೊಟ್ಟಿರೋ ಉತ್ತರ ತಪ್ಪು. ಸರಿ ಉತ್ತರ ಅವರಿಗೆ ಗೊತ್ತಿಲ್ಲ, ಗೊತ್ತಿರೋದು ನನಗೆ. ಅದನ್ನ ಇಲ್ಲಿ ಕೂಗಿ ಹೇಳಲ್ಲ, ಗುಮಾಸ್ತರಿಗೂ ಹೇಳಲ್ಲ. ನಾನೇ ಬರೀಬೇಕು ಸ್ವಾಮಿ. ಅದಕ್ಕೇ ಈ ಕೇಸು ಹಾಕಿದ್ದು.'

ಪೆನ್ನಿನ ಸದ್ದು ನಿಂತಿತು.

ಜಡ್ಜ್ ಅಪ್ಪನನ್ನು ಕರೆದರು. ಇದು ಅಪರಾಧ ಅಂತ ಗೊತ್ತೇ, ತುಂಬಿದ್ದು ನೀವೇನಾ ಅಂತ ಕೇಳಿದರು. 'ನಾನೇ ಸ್ವಾಮಿ' ಅಂದ. ಅಷ್ಟು ಅಭ್ಯಾಸ ಮಾಡಿದ್ದ ಸುಳ್ಳನ್ನು ಒಂದೇ ಉಸಿರಿಗೆ ಬಿಟ್ಟುಬಿಟ್ಟ. ಆಮೇಲೆ ಅವನ ದನಿ ನನ್ನ ಕಡೆ ತಿರುಗಿತು. ಜಡ್ಜ್ ಇದ್ದಾರೆ, ವಕೀಲರಿದ್ದಾರೆ ಅನ್ನುವ ಪರಿವೆಯೇ ಇರಲಿಲ್ಲ.

'ಏಳನೇದು ತಪ್ಪಾ?'

ಲ್ಯಾಪ್‌ಟಾಪ್ ಮುಚ್ಚಿದೆ.

ಮೇ 7, ಬುಧವಾರ

ಇಷ್ಟು ದಿನ ಇದನ್ನು ತೆರೆಯಲಿಲ್ಲ. ಬರೆಯುವುದೇನಿತ್ತು.

ಆದೇಶ ಬಂತು. ಅಪ್ಪ ತುಂಬಿದ ಅರ್ಜಿ ರದ್ದು, ಲೈಸೆನ್ಸೂ ರದ್ದು. ಮಂಡಳಿ ಸೈಟು ಸರಿಪಡಿಸಬೇಕು, ಕಣ್ಣಿಲ್ಲದವರನ್ನೇ ಕೂರಿಸಿ ಪರೀಕ್ಷೆ ಮಾಡಿಸಿ ವರದಿ ಕೊಡಬೇಕು. ಕೇಸಿನ ಜೊತೆ ಕೋರ್ಟು ಕೊಟ್ಟಿದ್ದ ಅನುಮತಿಯೂ ಮುಗಿಯಿತು, ಅಲ್ಲಿಯ ತನಕ ನಾನು ಕೆಲಸ ಮಾಡುವ ಹಾಗಿಲ್ಲ. ವಕೀಲಮ್ಮ ಫೋನಿನಲ್ಲಿ 'ಗೆದ್ದಿದ್ದೀರಿ!' ಅಂತ ಕೂಗಿದರು. ಗೆದ್ದವಳು ಮನೆಯಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದೇನೆ.

ಬಸ್ ಡ್ರೈವರ್ ಫೋನ್ ಮಾಡಿದ್ದ. ಅವನ ಭುಜ ಬೇರೆಯವರ ಪಾಲಾಗಿದೆ. 'ಅವರು ಹೇಳ್ದೇ ಕೇಳ್ದೇ ಎತ್ತುತ್ತಾರೆ ಮೇಡಂ. ನೀವಾದ್ರೆ ನಗಿಸಿ ಎತ್ತುತ್ತಿದ್ರಿ.' ಫೋನಿಟ್ಟ ಮೇಲೆ ಕೈ ಸುಮ್ಮನಿರಲಿಲ್ಲ. ದಿಂಬಿನ ಮೂಲೆ ಹಿಸುಕುತ್ತ ಕೂತಿದ್ದೆ.

ಅಕ್ಕ ಮಾತು ಬಿಟ್ಟಿದ್ದಾಳೆ. ನಾನು ಅಪ್ಪನನ್ನು ನಡುಬೀದಿಗೆ ತಂದವಳು.

ಅಪ್ಪನಿಗೆ ಮಂಡಳಿಯಿಂದ ನೋಟಿಸ್ ಬಂದಿತ್ತು, ವಿವರಣೆ ಕೊಡಿ ಅಂತ. ವಕೀಲಮ್ಮ ಬರೆದುಕೊಡುತ್ತೇನೆ ಅಂದರೂ ಕೇಳದೆ ತಾನೇ ಬರೆದ. ನನಗೆ ಓದಿ ಹೇಳಿದ: 'ತುಂಬಿದ್ದು ನಾನೇ. ಅವಳಿಗೆ ತಿಳಿದಿರಲಿಲ್ಲ. ಇನ್ನು ಮುಂದೆ ತುಂಬುವುದಿಲ್ಲ.' ಅಷ್ಟೇ. ಕಾಮಾ ಸರಿ ಇದೆಯಾ ಅಂತಲೂ ಕೇಳಲಿಲ್ಲ. ದೂರು ಕೊಡುವುದಿಲ್ಲ ಅಂತ ನಿನ್ನೆ ಮಂಡಳಿಯ ಉತ್ತರ ಬಂತು. ಎದೆಯ ಮೇಲಿದ್ದ ಕಲ್ಲು ಇಳಿಯಿತು. ಅಪ್ಪ 'ಸರಿ' ಅಂದು ಗಿಡಕ್ಕೆ ನೀರು ಹಾಕಲು ಹೋದ.

ಅವನಿಗೆ ಸಿಟ್ಟಿಲ್ಲ. ಸಿಟ್ಟಾದರೂ ಇದ್ದಿದ್ದರೆ ಜಗಳ ಆಡಿ ಮುಗಿಸಬಹುದಿತ್ತು. ಕಥೆ ಹೇಳುವುದನ್ನು ಬಿಟ್ಟಿದ್ದಾನೆ. ಟೀ ಇಟ್ಟಿದ್ದೀನಿ, ಬಾಗಿಲು ಹಾಕ್ಕೋ, ಮೆಟ್ಟಿಲು ಒದ್ದೆ ಇದೆ, ಇಷ್ಟೇ ಮಾತು. ನನ್ನ ಫೋನು ಕುಂಯ್ ಅಂದರೆ ಎದ್ದು ಆಚೆ ಹೋಗುತ್ತಾನೆ.

ಒಂದು ಸಲವೂ ಕೇಳಿಲ್ಲ. ಯಾವ ಕಾಯಿಲೆ, ಯಾವಾಗ, ನಾನೆಲ್ಲಿದ್ದೆ ಆಗ... ಕೇಳಿಲ್ಲ. ಹೇಳಲ್ಲ ಅಂತ ತುಂಬಿದ ಕೋರ್ಟಿನಲ್ಲಿ ಅಂದದ್ದು ನಾನೇ ತಾನೇ. ಕೇಳಲಿ ಅಂತ ಈಗ ಕಾಯುತ್ತಿದ್ದೇನೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಮೇ 19, ಸೋಮವಾರ, ಬೆಳಿಗ್ಗೆ

ಹೊಸ ಸೈಟು ನಿನ್ನೆ ಬಂತಂತೆ. ಇವತ್ತು ಕೂತಿದ್ದೇನೆ. ಅರ್ಜಿ ಒಂದು ಕಿಟಕಿಯಲ್ಲಿ, ಇದು ಇನ್ನೊಂದರಲ್ಲಿ. ಅಲ್ಲಿಂದ ಇಲ್ಲಿಗೆ ಓಡಿ ಬರುತ್ತಿದ್ದೇನೆ.

ಬಸ್ಸಿಲ್ಲ, ಸೇತುವೆ ಇಲ್ಲ. ಫೋನಿಗೆ ಒಂದು ನಂಬರ್ ಬಂತು, ಹಾಕಿದೆ, ಒಳಗೆ ಬಿಟ್ಟಿತು. 'ಹೆಸರು, ಇಲ್ಲಿ ಬರೆಯಿರಿ.' 'ಹುಟ್ಟಿದ ತಾರೀಕು, ಇಲ್ಲಿ ಬರೆಯಿರಿ.' 'ಮುಂದಿನ ಪುಟ, ಬಟನ್.' ಮುಂದಿನ ಪುಟ! ಅಯ್ಯೋ, ಒಂದು ಬಟನ್ ತನ್ನ ಹೆಸರು ಹೇಳಿತು ಅಂತ ಕಣ್ಣಲ್ಲಿ ನೀರು ಬಂತಲ್ಲ, ಇದಕ್ಕಿಂತ ಮರ್ಯಾದೆಗೇಡು ಇದೆಯೇ? ಒರೆಸಿಕೊಂಡು ಒತ್ತಿದೆ. ಒಂದು, ಎರಡು, ಮೂರು, ಎಲ್ಲ ನೀರು ಕುಡಿದಷ್ಟು ಸುಲಭ. ಆರೂ ಆಯಿತು.

ಏಳು. 'ಹೌದು, ಆಯ್ಕೆಯಾಗಿಲ್ಲ. ಇಲ್ಲ, ಆಯ್ಕೆಯಾಗಿಲ್ಲ. ಹೌದಾದರೆ ವಿವರ ಬರೆಯಿರಿ.'

ಇಲ್ಲಿಗೆ ಬಂದು ಕೂತಿದ್ದೇನೆ. ಇದಕ್ಕಾಗಿಯೇ ಇಷ್ಟೆಲ್ಲ ರಂಪ ಮಾಡಿದ್ದು, ಈಗ ಬೆರಳು ಏಳುತ್ತಿಲ್ಲ. ಸೈಟು ಅವಸರ ಮಾಡುತ್ತಿಲ್ಲ. 'ಇನ್ನೂ ಸಮಯ ಬೇಕೇ?' ಅಂತ ಕೇಳಿತು. ಬೇಕು ಅಂದೆ.

ಅಪ್ಪ ಬಾಗಿಲ ಹತ್ತಿರ ಬಂದಿದ್ದಾನೆ. ಒಳಗೆ ಬರುತ್ತಿಲ್ಲ.

'ಏಳನೇದು ಬಂತಾ?'

'ಬಂತು.'

'ನಾನು ಹಾಗೇ ಒಂದು ಸುತ್ತು ಹೋಗಿ ಬರ್ತೀನಿ. ನೀನು ನಿಧಾನಕ್ಕೆ ಬರಿ.'

ಚಪ್ಪಲಿ ಹುಡುಕುತ್ತಿದ್ದಾನೆ. ಒಂದು ಸಿಕ್ಕಿತು. ಇನ್ನೊಂದಕ್ಕೆ ಕಾಲಿನಲ್ಲೇ ತಡಕಾಡುತ್ತಿದ್ದಾನೆ. ಬಾಗಿಲ ಚಿಲಕ ತೆಗೆದ.

'ಅಪ್ಪಾ. ಹೋಗ್ಬೇಡ.'

ಚಿಲಕ ಮತ್ತೆ ಬಿತ್ತು. ಆಮೇಲೆ ಊಟದ ಮೇಜಿನ ಕುರ್ಚಿ ಎಳೆದುಕೊಂಡು ಬಂದ. ನನ್ನ ಪಕ್ಕ ಅಲ್ಲ, ಸ್ವಲ್ಪ ಹಿಂದೆ ಹಾಕಿಕೊಂಡ.

'ಕೂತ್ಕೋ. ಆದ್ರೆ ಮುಟ್ಟೋ ಹಾಗಿಲ್ಲ.'

'ಕೈ ಕಟ್ಕೊಂಡಿದ್ದೀನಿ.'

'ನಾನು ಬರೆದಿದ್ದನ್ನ ಅದು ಓದಿ ಹೇಳುತ್ತೆ. ಕೇಳಿಸ್ಕೋ.'

'ಹೂಂ.'

'ಮಧ್ಯ ಮಾತಾಡ್ಬೇಡ.'

'ಇಲ್ಲಮ್ಮ.'

ಇಯರ್‌ಫೋನ್ ಕೀಳಬೇಕು. ವೇಗ ಇಳಿಸಬೇಕು, ಅಪ್ಪನಿಗೆ ಒಂದೊಂದು ಅಕ್ಷರವೂ ತಿಳಿಯುವಷ್ಟು. ಅದಕ್ಕೂ ಮೊದಲು ಈ ಕಿಟಕಿ ಮುಚ್ಚಬೇಕು, ಇಲ್ಲದಿದ್ದರೆ ವಾಚಾಳಿ ಇದನ್ನೂ ಅವನೆದುರು —